ಬಡಿತ ಸರಿಪಡಿಸುವ ಮಾತ್ರೆಯೇ ಬಡಿತ ಕೆಡಿಸುತ್ತದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಶಿಡ್ಲಘಟ್ಟ. ಅಪ್ಪನಿಗೆ 66 ವರ್ಷ. ಮನೆ ಹಿಂದೆ ಸಣ್ಣ ನೂಲು ಬಿಚ್ಚಾಣಿಕೆ ಘಟಕ ಇದೆ. ಎರಡು ತಿಂಗಳ ಹಿಂದೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ನೋಡುತ್ತಾ ನಿಂತಿದ್ದವರು ಎದೆ ಡವಡವ ಅಂತಿದೆ ಎಂದು ಅಲ್ಲೇ ಕೂತುಬಿಟ್ಟರು. ಆಸ್ಪತ್ರೆಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಅಂದರು. ಅಮಿಯೋಡರೋನ್ 200, ಮೆಟೊಪ್ರೊಲಾಲ್, ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ಒಂದು ಮಾತ್ರೆ ಬರೆದಿದ್ದಾರೆ. ಈಗ ಆರಾಮಾಗಿದ್ದಾರೆ. ಮೊನ್ನೆ ಮಾತ್ರೆಯ ಡಬ್ಬಿಯೊಳಗಿದ್ದ ಕಾಗದ ಓದಿದೆ. ಈ ಔಷಧದಿಂದ ಹೃದಯದ ಬಡಿತ ಏರುಪೇರಾಗಬಹುದು ಅಂತ ಅದರಲ್ಲೇ ಇದೆ! ಅಪ್ಪ ಅದನ್ನು ಕೇಳಿ, ‘ಕಾಯಿಲೆ ಕೊಡೋ ಮಾತ್ರೆ ನನಗ್ಯಾಕೆ, ಬಿಟ್ಟುಬಿಡ್ತೀನಿ’ ಅಂತಿದ್ದಾರೆ. ನಮ್ಮ ಪಕ್ಕದ ಮನೆ ಅಕ್ಕನಿಗೂ ಹೀಗೇ ಎದೆ ಹೊಡೆದುಕೊಂಡಿತ್ತು. ಒಂದೇ ಇಂಜೆಕ್ಷನ್, ಅರ್ಧ ನಿಮಿಷಕ್ಕೆ ಸರಿಹೋಯಿತು. ಅಪ್ಪನಿಗೆ ಯಾಕೆ ಅದನ್ನು ಕೊಡಲಿಲ್ಲ? ಇನ್ನೊಂದು, ಅಪ್ಪನಿಗೆ ದೇವನಹಳ್ಳಿ ಚಕ್ಕೋತ ಅಂದರೆ ಪ್ರಾಣ. ಕಾಗದದಲ್ಲಿ ಯಾವುದೋ ಹಣ್ಣು ತಿನ್ನಬಾರದು ಅಂತಿದೆ. ಅದು ಇದೇನಾ?

ಉತ್ತರ: ಮೊದಲು ಅಪ್ಪನಿಗೆ ಹೇಳಿ, ಮಾತ್ರೆ ಬಿಡುವುದು ಬೇಡ. ಮೆಟೊಪ್ರೊಲಾಲ್ ದಿಢೀರ್ ನಿಲ್ಲಿಸಿದರೆ ಬಡಿತ ಮತ್ತೆ ಏರಿ ಕೂರುತ್ತದೆ. ಹೆಪ್ಪು ತಡೆಯುವ ಮಾತ್ರೆ ಬಿಟ್ಟರೆ ಲಕ್ವದ ಭಯ. ಅಮಿಯೋಡರೋನ್ ಕಥೆಯಂತೂ ಬೇರೆಯೇ. ಕೋಪದಲ್ಲಿ ಇವತ್ತು ಬಿಟ್ಟರೂ ಅದು ಮೈಯಿಂದ ಇವತ್ತೇ ಹೋಗುವುದಿಲ್ಲ. ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಒಳಗೇ ಇರುತ್ತದೆ.

ಹಾಗಂತ ನಿಮ್ಮ ಅನುಮಾನ ಸುಮ್ನೆ ಅಲ್ಲ. ಆ ಕಾಗದದಲ್ಲಿ ಇರುವುದು ನಿಜ. ಬಡಿತ ಸರಿಪಡಿಸುವ ಔಷಧಗಳಲ್ಲಿ ಹೆಚ್ಚಿನವು ಬಡಿತ ಕೆಡಿಸಲೂ ಬಲ್ಲವು. ಅದು ಬೇರೆ ಯಾವುದೋ ಅಡ್ಡ ಪರಿಣಾಮ ಅಲ್ಲ. ಸರಿಪಡಿಸುವುದೂ ಕೆಡಿಸುವುದೂ ಒಂದೇ ಕೆಲಸದಿಂದ. ಇದು ಹೇಗೆ ಅಂತ ತಿಳಿದರೆ, ಡಾಕ್ಟರು ಪದೇ ಪದೇ ಇಸಿಜಿ ಯಾಕೆ ತೆಗೆಸುತ್ತಾರೆ ಅನ್ನುವುದೂ ಅರ್ಥವಾಗುತ್ತದೆ.

ಹೃದಯಕ್ಕೆ ಹೊರಗಿನಿಂದ ಕರೆಂಟ್ ಲೈನ್ ಇಲ್ಲ. ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಬಲಭಾಗದ ಮೇಲಿನ ಕೋಣೆಯಲ್ಲಿ ಸೈನಸ್ ನೋಡ್ ಅಂತ ಒಂದು ಪುಟ್ಟ ಗಂಟಿದೆ. ನಿಮಿಷಕ್ಕೆ 60ರಿಂದ 100 ಸಲ ಅಲ್ಲಿಂದ ಅಲೆ ಏಳುತ್ತದೆ. ಮೇಲಿನ ಎರಡು ಕೋಣೆಗಳಿಗೆ ಹರಡಿ, ನಡುವಿನ ಎವಿ ನೋಡ್ ಅನ್ನುವ ಬಾಗಿಲಿಗೆ ಬರುತ್ತದೆ. ಕೆಳಗೆ ಹೋಗಲು ಮಾಮೂಲಿಯಾಗಿ ಅದೊಂದೇ ದಾರಿ. ಅಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡೆದು, ಮೇಲಿನ ಕೋಣೆ ಖಾಲಿಯಾದ ಮೇಲೆ ಕೆಳಗೆ ಬಿಡುತ್ತದೆ.

ಈ ಅಲೆ ಏಳುವುದು ಜೀವಕೋಶಗಳ ಗೋಡೆಯಲ್ಲಿ. ನಮ್ಮ ಕಡೆ ಕೆರೆಗೆ ತೂಬು ಇರುತ್ತದಲ್ಲ, ಹಾಗೆ ಆ ಗೋಡೆಯ ತುಂಬಾ ಸಣ್ಣ ಸಣ್ಣ ತೂಬುಗಳಿವೆ. ಸೋಡಿಯಂಗೆ ಒಂದು ಬಗೆ, ಕ್ಯಾಲ್ಸಿಯಂಗೆ ಒಂದು, ಪೊಟ್ಯಾಸಿಯಂಗೆ ಇನ್ನೊಂದು. ಕೋಶ ಸುಮ್ಮನಿರುವಾಗ ಒಳಗಡೆ ಹೊರಗಿಗಿಂತ ಸುಮಾರು 90 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಅಲೆ ಬಂದು ತಟ್ಟಿದ ಕೂಡಲೇ ಸೋಡಿಯಂ ತೂಬು ತೆರೆಯುತ್ತದೆ, ಒಂದೆರಡು ಮಿಲಿಸೆಕೆಂಡಿನಲ್ಲಿ ಸೋಡಿಯಂ ಒಳಗೆ ನುಗ್ಗುತ್ತದೆ. ಪಕ್ಕದ ಕೋಶಕ್ಕೆ ಸುದ್ದಿ ಮುಟ್ಟುವುದು ಈ ನುಗ್ಗುವಿಕೆಯಿಂದಲೇ. ಆಮೇಲೆ ಕ್ಯಾಲ್ಸಿಯಂ ನಿಧಾನಕ್ಕೆ ಒಳಬರುತ್ತದೆ. ಸ್ನಾಯು ಹಿಂಡಿಕೊಳ್ಳುವುದು ಅದರ ದೆಸೆಯಿಂದ. ಕೊನೆಗೆ ಪೊಟ್ಯಾಸಿಯಂ ಹೊರಗೆ ಹರಿದು ಕೋಶ ಮೊದಲಿನ ಸ್ಥಿತಿಗೆ ಮರಳುತ್ತದೆ. ಕೆಳಗಿನ ಕೋಣೆಗಳಲ್ಲಿ ಇದಿಷ್ಟಕ್ಕೂ ಸೆಕೆಂಡಿನ ಮೂರನೇ ಒಂದು ಭಾಗವೂ ಹಿಡಿಯದು. ಕೋಶ ಪೂರ್ತಿ ಮರಳುವ ತನಕ ಯಾರು ತಟ್ಟಿದರೂ ಸರಿಯಾಗಿ ಏಳುವುದಿಲ್ಲ. ಈ ಬಿಡುವು ಬಹಳ ಮುಖ್ಯ. ನೆನಪಿಟ್ಟುಕೊಳ್ಳಿ.

ಈಗ ಬಡಿತ ಹೇಗೆ ಕೆಡುತ್ತದೆ ಅನ್ನುವುದು. ಬೇಸಿಗೆಯಲ್ಲಿ ನಂದಿಬೆಟ್ಟದ ಸಾಲಿನಲ್ಲಿ ಒಣಹುಲ್ಲಿಗೆ ಬೆಂಕಿ ಬೀಳುವುದನ್ನು ನೀವೂ ನೋಡಿರುತ್ತೀರಿ. ಒಂದು ದೊಡ್ಡ ಬಂಡೆ ಇದೆ, ಸುತ್ತ ಹುಲ್ಲು ಅಂದುಕೊಳ್ಳಿ. ಈ ಬದಿಯಿಂದ ಬಂದ ಬೆಂಕಿ ಬಂಡೆಯ ಎರಡೂ ಕಡೆ ಹರಡಿ, ಆ ಬದಿಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದು ಆರುತ್ತದೆ. ಮುಂದೆ ಸುಡಲು ಹುಲ್ಲಿಲ್ಲ. ಸರಿಯಾದ ಬಡಿತ ಅಂದರೆ ಇದೇ. ಆದರೆ ಬಂಡೆಯ ಒಂದು ಮಗ್ಗುಲಲ್ಲಿ ಹುಲ್ಲು ಹಸಿಯಾಗಿದ್ದರೆ? ಬೆಂಕಿ ಇನ್ನೊಂದು ಮಗ್ಗುಲಿನಿಂದ ಮಾತ್ರ ಸುತ್ತಿ ಬರುತ್ತದೆ. ಅದು ಬರುವಷ್ಟರಲ್ಲಿ ಮೊದಲು ಸುಟ್ಟ ಜಾಗದಲ್ಲಿ ಹುಲ್ಲು ಬೆಳೆದು ನಿಂತಿದ್ದರೆ, ಮತ್ತೆ ಹತ್ತಿಕೊಂಡು ಸುತ್ತುತ್ತಲೇ ಇರುತ್ತದೆ. ಬೆಟ್ಟದಲ್ಲಿ ಹುಲ್ಲು ಬೆಳೆಯಲು ಒಂದು ಮಳೆಗಾಲ ಬೇಕು. ಹೃದಯದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಬೆಳೆಯುತ್ತದೆ. ಇಲ್ಲಿ ಬೆಂಕಿ ಅಂದರೆ ಆ ಅಲೆ, ಹುಲ್ಲು ಬೆಳೆಯುವುದು ಅಂದರೆ ಕೋಶ ಮರಳಿ ಮತ್ತೆ ಏಳಲು ಸಿದ್ಧವಾಗುವುದು.

ನಿಮ್ಮ ತಂದೆಯವರ ಹೃದಯದ ಮೇಲಿನ ಕೋಣೆಗಳಲ್ಲಿ ಹೀಗೆ ಒಂದಲ್ಲ, ಹತ್ತಾರು ಕಡೆ ಬೆಂಕಿ ಎದ್ದು ಅಡ್ಡಾದಿಡ್ಡಿ ಓಡುತ್ತಿತ್ತು. ಏಟ್ರಿಯಲ್ ಫಿಬ್ರಿಲೇಷನ್ ಅಂದರೆ ಇದೇ. ಅಲ್ಲಿ ನಿಮಿಷಕ್ಕೆ 350ರಿಂದ 600 ಸಲ ಅಲೆ ಏಳುತ್ತದೆ. ಅಷ್ಟೂ ಕೆಳಗಿಳಿದರೆ ಮನುಷ್ಯ ಉಳಿಯುವುದಿಲ್ಲ. ನಡುವಿನ ಬಾಗಿಲು ನೀರಗಂಟಿಯ ಹಾಗೆ ಕೂತು ಅದರಲ್ಲಿ ಕೆಲವನ್ನಷ್ಟೇ ಬಿಡುತ್ತದೆ. ಆದರೂ ಬಡಿತ 130, 150 ದಾಟಿಬಿಡುತ್ತದೆ, ಅದೂ ತಾಳ ತಪ್ಪಿ. ಗೂಡಿನ ಮಾರುಕಟ್ಟೆಯಲ್ಲಿ ಅವರು ಕೂತುಬಿಟ್ಟದ್ದು ಅದಕ್ಕೇ.

ಬೆಂಕಿ ಆರಿಸಲು ಎರಡು ಉಪಾಯ. ಹುಲ್ಲಿಗೆ ನೀರು ಚಿಮುಕಿಸಿ, ಬೆಂಕಿ ಮುಂದೆ ಹೋಗಲಾರದೆ ಸಾಯಲಿ ಅನ್ನುವುದು ಒಂದು. ಸುಟ್ಟ ಹುಲ್ಲು ಬೇಗ ಬೆಳೆಯದ ಹಾಗೆ ಮಾಡಿ, ಸುತ್ತಿ ಬಂದ ಬೆಂಕಿಗೆ ಬೂದಿಯೇ ಸಿಗಲಿ ಅನ್ನುವುದು ಇನ್ನೊಂದು. ಸೋಡಿಯಂ ತೂಬನ್ನು ಅರ್ಧ ಮುಚ್ಚುವ ಔಷಧಗಳು ಮೊದಲನೆಯದನ್ನು ಮಾಡುತ್ತವೆ. ಪೊಟ್ಯಾಸಿಯಂ ತೂಬನ್ನು ಬಿಗಿ ಮಾಡುವವು ಎರಡನೆಯದನ್ನು ಮಾಡುತ್ತವೆ. ಆಕ್ಸ್‌ಫರ್ಡ್‌ನ ವಾನ್ ವಿಲಿಯಮ್ಸ್ 1970ರಲ್ಲಿ ಈ ಔಷಧಗಳನ್ನು ವರ್ಗ ಮಾಡಿದ್ದು ಅವು ಹೃದಯದ ವಿದ್ಯುತ್ತಿನ ಮೇಲೆ ಹೇಗೆ ಕೆಲಸ ಮಾಡುತ್ತವೆ ಅನ್ನುವುದರ ಮೇಲೆಯೇ. ನಾವು ಡಾಕ್ಟರುಗಳು ಇವತ್ತಿಗೂ ಒಂದನೇ ಕ್ಲಾಸು, ಮೂರನೇ ಕ್ಲಾಸು ಅಂತ ಅದೇ ಲೆಕ್ಕದಲ್ಲಿ ಮಾತಾಡುತ್ತೇವೆ.

ಸೋಡಿಯಂ ಗುಂಪಿನ ಹಿರಿಯಣ್ಣ ಕ್ವಿನಿಡಿನ್. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್ ಇದೆಯಲ್ಲ, ಅದರ ತಮ್ಮ. ಎರಡೂ ಸಿಂಕೋನಾ ಮರದ ತೊಗಟೆಯವು. ನೂರು ವರ್ಷಕ್ಕೂ ಹಿಂದೆ ವೆಂಕೆಬಾಕ್ ಅನ್ನುವ ವೈದ್ಯರ ಹತ್ತಿರ ಒಬ್ಬ ವ್ಯಾಪಾರಿ ಬಂದ. ನನ್ನ ಎದೆ ತಾಳ ತಪ್ಪಿದಾಗ ಕ್ವಿನೈನ್ ನುಂಗಿದರೆ ಸರಿಹೋಗುತ್ತದೆ ಅಂದ. ವೈದ್ಯರು ನಂಬಲಿಲ್ಲ. ಆತ ಮಾಡಿಯೇ ತೋರಿಸಿದ. ವೆಂಕೆಬಾಕ್ ಅದನ್ನು 1914ರಲ್ಲಿ ಬರೆದರು. 1918ರಲ್ಲಿ ವಾಲ್ಟರ್ ಫ್ರೈ ಅನ್ನುವವರು ಕ್ವಿನಿಡಿನ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ತೋರಿಸಿದರು. ರೋಗಿ ಹೇಳಿದ್ದನ್ನು ಕಿವಿಗೆ ಹಾಕಿಕೊಂಡಿದ್ದಕ್ಕೆ ಒಂದು ಔಷಧ ಸಿಕ್ಕಿತು! ಹಲ್ಲು ಕೀಳುವಾಗ ಮರಗಟ್ಟಿಸಲು ಚುಚ್ಚುವ ಲಿಗ್ನೊಕೇನ್ ಕೂಡ ಇದೇ ಗುಂಪಿನದು. ದವಡೆಯಲ್ಲಿ ನರದ ಸೋಡಿಯಂ ತೂಬು ಮುಚ್ಚುತ್ತದೆ, ಐಸಿಯುನಲ್ಲಿ ಹೃದಯದ್ದು.

ಈ ಗುಂಪಿನ ಫ್ಲೆಕೈನೈಡ್ ಜೊತೆಗೆ ನಮ್ಮ ವೃತ್ತಿಯ ಒಂದು ದೊಡ್ಡ ಪಾಠ ಸೇರಿಕೊಂಡಿದೆ. ಹೃದಯಾಘಾತ ಆದವರಲ್ಲಿ ನಡುನಡುವೆ ಹೆಚ್ಚುವರಿ ಬಡಿತ ಬರುವುದುಂಟು. ಅಂಥವರಲ್ಲಿ ಸಾವು ಜಾಸ್ತಿ ಅನ್ನುವುದು ಗೊತ್ತಿತ್ತು. ಹಾಗಾದರೆ ಆ ಬಡಿತ ಅಡಗಿಸಿದರೆ ಸಾವು ತಪ್ಪುತ್ತದೆ, ಅಲ್ವಾ? ಎಲ್ಲರೂ ಹಾಗೇ ಅಂದುಕೊಂಡಿದ್ದರು. ಅಮೆರಿಕದಲ್ಲಿ ಕಾಸ್ಟ್ ಅನ್ನುವ ಅಧ್ಯಯನ ಶುರುವಾಯಿತು. ಈ ಮಾತ್ರೆಗಳಿಂದ ಹೆಚ್ಚುವರಿ ಬಡಿತ ಅಡಗುತ್ತದೆ ಎಂದು ಖಾತ್ರಿಯಾದವರನ್ನೇ ಆರಿಸಿಕೊಂಡರು. ಅರ್ಧ ಜನರಿಗೆ ಫ್ಲೆಕೈನೈಡ್ ಅಥವಾ ಎನ್‌ಕೈನೈಡ್, ಉಳಿದರ್ಧಕ್ಕೆ ಬರೀ ಹಿಟ್ಟಿನ ಮಾತ್ರೆ. 1989ರಲ್ಲಿ ಈ ಔಷಧಗಳನ್ನು ನಡುವೆಯೇ ನಿಲ್ಲಿಸಬೇಕಾಯಿತು. ಸರಾಸರಿ ಹತ್ತು ತಿಂಗಳಲ್ಲಿ, ಔಷಧ ತಿಂದ 755 ಜನರಲ್ಲಿ 63 ಮಂದಿ ತೀರಿಕೊಂಡಿದ್ದರು. ಹಿಟ್ಟಿನ ಮಾತ್ರೆಯ 743 ಜನರಲ್ಲಿ 26 ಮಂದಿ. ಇಸಿಜಿ ಕಾಗದ ಚೊಕ್ಕವಾಗಿತ್ತು. ಜನ ಸಾಯುತ್ತಿದ್ದರು.

ಯಾಕೆ ಹೀಗಾಯಿತು? ಮತ್ತೆ ಬೆಟ್ಟಕ್ಕೆ ಬನ್ನಿ. ಹೃದಯಾಘಾತ ಆದ ಜಾಗದಲ್ಲಿ ಸ್ನಾಯು ಸತ್ತು ಕಲೆ ಉಳಿಯುತ್ತದೆ. ಕಲೆ ಅಂದರೆ ಬಂಡೆ. ಹುಲ್ಲಿಗೆ ನೀರು ಚಿಮುಕಿಸಿದಿರಿ. ಬೆಂಕಿ ಪೂರ್ತಿ ಆರಿದರೆ ಸರಿ. ಆರದೆ ಬರೀ ನಿಧಾನವಾದರೆ? ಮೊದಲು ಅದು ಬಂಡೆ ಸುತ್ತಿ ಬರುವಾಗ ಹುಲ್ಲು ಇನ್ನೂ ಬೆಳೆದಿರುತ್ತಿರಲಿಲ್ಲ, ಹಾಗಾಗಿ ಸಾಯುತ್ತಿತ್ತು. ಈಗ ನಿಧಾನಕ್ಕೆ ತೆವಳಿ ಬರುವುದರಿಂದ ಹುಲ್ಲು ಬೆಳೆದು ಕಾಯುತ್ತಿರುತ್ತದೆ. ಮೊದಲಿಲ್ಲದ ಸುತ್ತು ಹೊಸದಾಗಿ ಶುರುವಾಯಿತು. ಔಷಧ ತನ್ನ ಕೆಲಸವನ್ನೇ ಮಾಡಿತು, ನಿಜ. ಜಾಗ ತಪ್ಪಾಗಿತ್ತು. ಹೃದಯಾಘಾತ ಆದವರಿಗೆ, ಹೃದಯ ದುರ್ಬಲವಾದವರಿಗೆ ಫ್ಲೆಕೈನೈಡ್ ಕೊಡಬಾರದು ಅನ್ನುವ ನಿಯಮ ಬಂದದ್ದು ಇಲ್ಲಿಂದ. ಗಟ್ಟಿ ಹೃದಯದವರಿಗೆ ಅದು ಈಗಲೂ ಒಳ್ಳೆಯ ಔಷಧವೇ. ಮಾತ್ರೆ ಬರೆಯುವ ಮುಂಚೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸುವುದು ಇಂಥ ಕಾರಣಕ್ಕೇ. ದುಡ್ಡಿಗೆ ಅಂತ ಅಪ್ಪ ಗೊಣಗಿದ್ದರೆ ಇದನ್ನು ಓದಿ ಹೇಳಿ.

ಎರಡನೇ ಉಪಾಯಕ್ಕೂ ಅದರದೇ ಅಪಾಯ ಇದೆ. ಪೊಟ್ಯಾಸಿಯಂ ತೂಬು ಬಿಗಿಯಾದರೆ ಕೋಶ ಮರಳುವುದು ತಡವಾಗುತ್ತದೆ. ಇಸಿಜಿಯಲ್ಲಿ ಕ್ಯೂಟಿ ಅನ್ನುವ ಅಂತರ ಉದ್ದವಾಗುತ್ತದೆ. ಬಡಿತದ ವೇಗಕ್ಕೆ ಸರಿಹೊಂದಿಸಿ ನೋಡಿದರೆ ಗಂಡಸರಲ್ಲಿ ಅದು 450 ಮಿಲಿಸೆಕೆಂಡಿನೊಳಗೆ ಇರಬೇಕು. ಸ್ವಲ್ಪ ಉದ್ದವಾಗಲಿ ಎಂದೇ ನಾವು ಔಷಧ ಕೊಡುವುದು. 500 ದಾಟಿದರೆ ನಮಗೆ ಎದೆ ಡವಡವ. ಅಷ್ಟು ಹೊತ್ತು ಕೋಶ ಮೊದಲಿನ ಸ್ಥಿತಿಗೆ ಮರಳದೆ ನಿಂತರೆ, ಮುಚ್ಚಿದ್ದ ಕ್ಯಾಲ್ಸಿಯಂ ತೂಬು ಮತ್ತೆ ತೆರೆದು ಕಿಡಿ ಹಾರುತ್ತದೆ. ಆ ಕಿಡಿಯಿಂದ ಏಳುವ ಬಡಿತ ಇಸಿಜಿಯಲ್ಲಿ ಹುರಿ ಹಾಕಿದ ದಾರದ ಹಾಗೆ ತಿರುಚಿಕೊಂಡು ಕಾಣುತ್ತದೆ. ನೂಲಿನ ಮನೆಯವರಾದ ನಿಮಗೆ ಆ ಚಿತ್ರ ಥಟ್ಟನೆ ಗುರುತು ಸಿಗುತ್ತದೆ. 1966ರಲ್ಲಿ ಫ್ರಾನ್ಸಿನ ಡೆಸರ್ಟೆನ್ ಅದನ್ನು ಮೊದಲು ವಿವರಿಸಿದರು. ‘ಟಾರ್ಸಾಡ್’ ಅಂತ ಅವರಿಟ್ಟ ಹೆಸರಿಗೂ ತಿರುಚಿಕೊಳ್ಳುವುದು ಅಂತಲೇ ಅರ್ಥ. ಅದು ಬಂದರೆ ಮನುಷ್ಯ ಧೊಪ್ಪನೆ ಬೀಳುತ್ತಾನೆ.

ಕೆಲವು ವರ್ಷಗಳ ಹಿಂದೆ ಚಿಂತಾಮಣಿ ಕಡೆಯ ಒಬ್ಬ ಅಜ್ಜಿಯನ್ನು ನೋಡಿದ್ದೆ. ಪೊಟ್ಯಾಸಿಯಂ ತೂಬು ಬಿಗಿ ಮಾಡುವ ಸೋಟಲಾಲ್ ಅನ್ನುವ ಮಾತ್ರೆಯಲ್ಲಿ ವರ್ಷದಿಂದ ಚೆನ್ನಾಗಿದ್ದರು. ಮಾವಿನ ಕಾಲ. ಮೂರು ದಿನ ಭೇದಿಯಾಯಿತು. ಯಾರೋ ಅಜಿತ್ರೊಮೈಸಿನ್ ಅನ್ನುವ ಆ್ಯಂಟಿಬಯಾಟಿಕ್ ಮತ್ತು ವಾಂತಿಗೆ ಒಂದು ಮಾತ್ರೆ ಕೊಟ್ಟರು. ಹಸು ಕರೆಯುತ್ತಾ ಎರಡು ಸಲ ಪ್ರಜ್ಞೆ ತಪ್ಪಿದರು. ಭೇದಿಯಿಂದ ಪೊಟ್ಯಾಸಿಯಂ ಇಳಿದಿತ್ತು. ಅದು ಇಳಿದರೂ ಕ್ಯೂಟಿ ಉದ್ದವಾಗುತ್ತದೆ. ಅಜಿತ್ರೊಮೈಸಿನ್, ವಾಂತಿಯ ಒಂಡಾನ್ಸೆಟ್ರಾನ್ ಕೂಡ ಅದೇ ತೂಬಿಗೇ ಕೈ ಹಾಕುತ್ತವೆ. ಒಂದೇ ತೂಬಿಗೆ ನಾಲ್ಕು ಜನ ಕಲ್ಲು ಇಟ್ಟಂತಾಯಿತು. ಮೆಗ್ನೀಷಿಯಂ ಡ್ರಿಪ್ ಹಾಕಿ, ಪೊಟ್ಯಾಸಿಯಂ ತುಂಬಿಸಿ ಉಳಿಸಿಕೊಂಡೆವು. ಆಮೇಲೆ ಅವರ ಪರ್ಸಿನಲ್ಲಿ ಒಂದು ಚೀಟಿ ಹಾಕಿಸಿದೆ: ‘ಬಡಿತದ ಮಾತ್ರೆ ತಿನ್ನುತ್ತೇನೆ, ಬೇರೆ ಮಾತ್ರೆ ಕೊಡುವ ಮುಂಚೆ ಕೇಳಿ’ ಅಂತ. ನಿಮ್ಮ ಅಪ್ಪನ ಜೇಬಿಗೂ ಅಂಥದ್ದೊಂದು ಇರಲಿ.

ಅಪ್ಪನಿಗೆ ಕೊಟ್ಟಿರುವ ಅಮಿಯೋಡರೋನ್‌ ಕೂಡ ಪೊಟ್ಯಾಸಿಯಂ ಗುಂಪಿನದೇ ಅನ್ನುತ್ತಾರೆ. ಆದರೆ ಅದು ಸೋಡಿಯಂ, ಕ್ಯಾಲ್ಸಿಯಂ ತೂಬುಗಳ ಮೇಲೂ ಕೈಯಿಡುತ್ತದೆ, ಅಡ್ರಿನಲಿನ್ ಅಬ್ಬರವನ್ನೂ ತಗ್ಗಿಸುತ್ತದೆ. ಕ್ಯೂಟಿಯನ್ನು ಉದ್ದ ಮಾಡುತ್ತದೆ ನಿಜ, ಆದರೆ ಟಾರ್ಸಾಡ್ ಬರುವುದು ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ ಜನರಲ್ಲಿ. ದುರ್ಬಲ ಹೃದಯದವರಿಗೂ ಕೊಡಬಹುದಾದ ಬೆರಳೆಣಿಕೆಯ ಔಷಧಗಳಲ್ಲಿ ಇದೂ ಒಂದು. ಅಂದರೆ, ಆ ಕಾಗದದಲ್ಲಿ ಅಪ್ಪ ಹೆದರಿದ ಸಾಲು ಈ ಮಾತ್ರೆಗೆ ಉಳಿದವುಗಳಿಗಿಂತ ಕಡಿಮೆ ಅನ್ವಯಿಸುತ್ತದೆ. ಅಮಿಯೋಡರೋನ್‌ನ ನಿಜವಾದ ತಂಟೆ ಹೃದಯದ ಹೊರಗಿದೆ.

ಈ ಔಷಧದ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಯೋಡಿನ್. 200ರ ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಂನ ಏಳನೇ ಒಂದು ಭಾಗದಷ್ಟು. ಮಾತ್ರೆಯ ಅಯೋಡಿನ್ ಪೂರ್ತಿ ಬಿಡುಗಡೆಯಾಗುವುದಿಲ್ಲ, ಆದರೂ ಥೈರಾಯ್ಡ್‌ಗೆ ಇದು ಹತ್ತಾರು ಪಟ್ಟು ಜಾಸ್ತಿ. ಕೆಲವರಲ್ಲಿ ಥೈರಾಯ್ಡ್ ಮಂಕಾಗುತ್ತದೆ, ಕೆಲವರಲ್ಲಿ ಕೆರಳುತ್ತದೆ. ಕೆರಳಿದರೆ ಬಡಿತ ಮತ್ತೆ ಏರುತ್ತದೆ, ಮಾತ್ರೆ ಕೆಲಸ ಮಾಡುತ್ತಿಲ್ಲ ಅಂತ ನಾವೇ ಮೋಸ ಹೋಗುತ್ತೇವೆ. ಅದಕ್ಕೆ ಆರು ತಿಂಗಳಿಗೊಮ್ಮೆ ಥೈರಾಯ್ಡ್ ಮತ್ತು ಲಿವರ್ ಪರೀಕ್ಷೆ. ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ. ಕಣ್ಣು ಮಂಜಾದರೆ ತಡಮಾಡದೆ ಕಣ್ಣಿನ ಡಾಕ್ಟರು. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ತುಂಬು ತೋಳಿನ ಅಂಗಿ ಹಾಕಿಕೊಳ್ಳಲಿ.

ನನಗೆ ನಿಮ್ಮ ಮನೆಯ ಬಗ್ಗೆ ಇರುವ ಒಂದೇ ಚಿಂತೆ ಕೆಮ್ಮು. ಈ ಔಷಧ ಅಪರೂಪಕ್ಕೆ ಶ್ವಾಸಕೋಶ ಕೆಡಿಸುತ್ತದೆ. ಅದು ಶುರುವಾಗುವುದು ಒಣ ಕೆಮ್ಮು ಮತ್ತು ಏದುಸಿರಿನಿಂದ. ಬಿಚ್ಚಾಣಿಕೆ ಮನೆಯ ಹಬೆ, ಹೊಗೆ, ಹುಳುವಿನ ವಾಸನೆಯ ನಡುವೆ ಕೆಮ್ಮುವುದನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ‘ನಮ್ಮ ಕಸುಬೇ ಹಾಗೆ’ ಅನ್ನುತ್ತಾರೆ. ಅಪ್ಪ ಹಾಗಂದರೆ ಕೇಳಬೇಡಿ. ಹೊಸ ಕೆಮ್ಮು ಎರಡು ವಾರವಾದರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ, ಅಮಿಯೋಡರೋನ್ ತಿನ್ನುತ್ತಿದ್ದಾರೆ ಅಂತ ನೀವೇ ಬಾಯಿಬಿಟ್ಟು ಹೇಳಿ.

ಮೆಟೊಪ್ರೊಲಾಲ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಅದು ಅಡ್ರಿನಲಿನ್‌ಗೆ ಅಡ್ಡ ನಿಂತು ನಡುವಿನ ಬಾಗಿಲನ್ನು ಬಿಗಿ ಮಾಡುತ್ತದೆ. ಮೇಲಿನ ಬೆಂಕಿ ಮತ್ತೆ ಎದ್ದರೂ ಕೆಳಗಿನ ಬಡಿತ ಹಿಡಿತದಲ್ಲಿರುತ್ತದೆ. ಎರಡೂ ಮಾತ್ರೆ ಸೇರಿ ಬಡಿತ ತೀರಾ ಇಳಿಸಲೂಬಹುದು. ನಾಡಿ ಎಣಿಸುವುದನ್ನು ಕಲಿಯಿರಿ. ಕೂತಿರುವಾಗ 50ಕ್ಕಿಂತ ಕಡಿಮೆ ಇದ್ದರೆ ಫೋನು ಮಾಡಿ ಕೇಳಿ. ಕಣ್ಣು ಕತ್ತಲೆ ಬಂದರೆ, ಪ್ರಜ್ಞೆ ತಪ್ಪಿದರೆ 108ಕ್ಕೆ ಕರೆ ಮಾಡಿ. ಹೆಪ್ಪು ತಡೆಯುವ ಮಾತ್ರೆ ವಾರ್ಫರಿನ್ ಆಗಿದ್ದರೆ ಇನ್ನೊಂದು ಎಚ್ಚರ ಬೇಕು. ಅಮಿಯೋಡರೋನ್ ಅದರ ಕಸುವನ್ನು ವಾರ ವಾರಕ್ಕೂ ಏರಿಸುತ್ತಾ ಹೋಗುತ್ತದೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ಐಎನ್‌ಆರ್ ಪರೀಕ್ಷೆ ತಪ್ಪಿಸಬೇಡಿ.

ಇನ್ನು ಪಕ್ಕದ ಮನೆ ಅಕ್ಕನ ಇಂಜೆಕ್ಷನ್. ನೀವು ಹೇಳಿದ ವೇಗ ನೋಡಿದರೆ ಅದು ಅಡೆನೊಸಿನ್ ಇರಬೇಕು. ರಕ್ತದಲ್ಲಿ ಅದರ ಆಯಸ್ಸು ಹತ್ತು ಸೆಕೆಂಡೂ ಇಲ್ಲ. ಅದಕ್ಕೇ ದೊಡ್ಡ ರಕ್ತನಾಳಕ್ಕೆ ಸರ್ರನೆ ಚುಚ್ಚಿ, ಹಿಂದೆಯೇ ಸಲೈನ್ ತಳ್ಳುತ್ತೇವೆ. ಅಷ್ಟರಲ್ಲಿ ಅದು ನಡುವಿನ ಬಾಗಿಲನ್ನು ಕೆಲವು ಸೆಕೆಂಡು ಪೂರ್ತಿ ಮುಚ್ಚುತ್ತದೆ. ಮಾನಿಟರಿನಲ್ಲಿ ಗೆರೆ ನೇರವಾಗುತ್ತದೆ. ನೋಡುವವರಿಗೆ ಜೀವ ಹೋದ ಹಾಗಾಗುತ್ತದೆ, ರೋಗಿಗೂ ಎದೆ ಬಿಗಿದು ‘ಸತ್ತೇ’ ಅನಿಸುತ್ತದೆ. ಎಷ್ಟು ಸಲ ಕೊಟ್ಟಿದ್ದರೂ ಆ ನಾಲ್ಕು ಸೆಕೆಂಡು ನಾನೂ ಉಸಿರು ಬಿಗಿ ಹಿಡಿಯುತ್ತೇನೆ. ಆ ಅಕ್ಕನ ಬೆಂಕಿ ಸುತ್ತುತ್ತಿದ್ದದ್ದು ಆ ಬಾಗಿಲಿನ ಮೂಲಕವೇ. ಬಾಗಿಲು ಮುಚ್ಚಿದ ಕೂಡಲೇ ಸುತ್ತು ಕಡಿಯಿತು. ನಿಮ್ಮ ಅಪ್ಪನ ಬೆಂಕಿ ಬಾಗಿಲಿನ ಮೇಲಗಡೆ ಇದೆ. ಬಾಗಿಲು ಮುಚ್ಚಿದರೆ ಅದಕ್ಕೇನು ನಷ್ಟ? ಹತ್ತು ಸೆಕೆಂಡು ಕಳೆದು ಮತ್ತೆ ಮೊದಲಿನಂತೆಯೇ. ‘ಎದೆ ಹೊಡೆದುಕೊಳ್ಳುವುದು’ ಅಂತ ನಾವು ಒಂದೇ ಹೆಸರಿನಲ್ಲಿ ಕರೆದರೂ ಒಳಗೆ ಅವು ಬೇರೆ ಬೇರೆ ಕಾಯಿಲೆ.

ಕೊನೆಗೆ ಹಣ್ಣು. ಕಾಗದದಲ್ಲಿ ಇರುವುದು ಗ್ರೇಪ್‌ಫ್ರೂಟ್. ಅದು ಕರುಳಿನಲ್ಲಿ ಅಮಿಯೋಡರೋನನ್ನು ಕರಗಿಸುವ ಕಿಣ್ವವನ್ನು ತಡೆದು, ರಕ್ತದಲ್ಲಿ ಔಷಧದ ಮಟ್ಟ ಏರಿಸುತ್ತದೆ. ಚಕ್ಕೋತ ಅದೇ ಹಣ್ಣಿನ ಹೆತ್ತಮ್ಮ. ಚಕ್ಕೋತವೂ ಕಿತ್ತಳೆಯೂ ಕೂಡಿ ಹುಟ್ಟಿದ್ದು ಗ್ರೇಪ್‌ಫ್ರೂಟ್. ತಾಯಿಯಲ್ಲೂ ಆ ಗುಣದ ಅಂಶ ಇದೆ. ಹಾಗಾಗಿ ಮಾತ್ರೆ ನಡೆಯುವಷ್ಟು ಕಾಲ ಚಕ್ಕೋತ ಬೇಡ ಅನ್ನುವುದೇ ನನ್ನ ಸಲಹೆ. ಬೇಸರದ ಸುದ್ದಿ, ಗೊತ್ತು. ಆದರೆ ನಮ್ಮ ಜಿಲ್ಲೆಯಲ್ಲಿ ಈ ಹೆಸರಿನಿಂದ ಇನ್ನೊಂದು ಎಡವಟ್ಟು ಆಗುತ್ತದೆ. ದ್ರಾಕ್ಷಿ ಬೆಳೆಯುವ ಒಬ್ಬರು, ತಮ್ಮದೇ ತೋಟದಲ್ಲಿ ಗೊಂಚಲು ಗೊಂಚಲು ಹಣ್ಣು ತೂಗುತ್ತಿದ್ದರೂ, ಕಾಗದದಲ್ಲಿ ‘ಗ್ರೇಪ್’ ಅಂತಿದೆ ಎಂದು ಎರಡು ವರ್ಷ ಒಂದು ಕಾಳನ್ನೂ ಬಾಯಿಗೆ ಹಾಕಿರಲಿಲ್ಲ. ದ್ರಾಕ್ಷಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಪ್ಪನಿಗೆ ಶುಗರ್ ಇಲ್ಲದಿದ್ದರೆ ದ್ರಾಕ್ಷಿ ಧಾರಾಳವಾಗಿ ತಿನ್ನಲಿ.